ಕರಾವಳಿಯ ಹುಲ್ಲುನೆಲದಲ್ಲಿ ಗ್ರಾಸ್ ಬ್ಲೂ ಚಿಟ್ಟೆ: ಹುಡುಕುವುದು, ಗುರುತಿಸುವುದು, ಲೆಕ್ಕ ಇಡುವುದು

ಚಿಟ್ಟೆ ನೋಡಬೇಕು ಅಂದರೆ ಘಟ್ಟ ಹತ್ತಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಮಲ್ಪೆಯ ಕಡಲ ದಂಡೆಯ ಹಿಂದೆ ಹುಡುಗರು ಕ್ರಿಕೆಟ್ ಆಡುವ ಬಯಲು ಇದೆಯಲ್ಲ, ಅಲ್ಲೇ ಕಾಲ ಬುಡದಲ್ಲಿ ಹತ್ತಾರು ಚಿಟ್ಟೆಗಳು ಹಾರುತ್ತಿರುತ್ತವೆ. ಯಾರೂ ಬಗ್ಗಿ ನೋಡುವುದಿಲ್ಲ ಅಷ್ಟೆ. ರೆಕ್ಕೆ ಬಿಚ್ಚಿದರೂ ಮೂರು ಸೆಂಟಿಮೀಟರ್ ದಾಟದ ಈ ನೀಲಿ ಚಿಟ್ಟೆಗಳಿಗೆ ಗ್ರಾಸ್ ಬ್ಲೂ ಅಂತ ಹೆಸರು. ಮೊಣಕಾಲಿಗಿಂತ ಮೇಲೆ ಹಾರುವುದೇ ಅಪರೂಪ.

ಇದರಲ್ಲಿ ನಮ್ಮ ಕರಾವಳಿಯಲ್ಲಿ ಸುಲಭವಾಗಿ ಸಿಗುವುದು ಲೆಸ್ಸರ್ ಗ್ರಾಸ್ ಬ್ಲೂ. ಅದನ್ನೇ ಮುಖ್ಯವಾಗಿ ಇಟ್ಟುಕೊಂಡು ಈ ಮಾರ್ಗದರ್ಶಿ ಬರೆದಿದ್ದೇನೆ. ಚಿಟ್ಟೆಯನ್ನು ಹುಡುಕಬೇಡಿ, ಅದರ ಗಿಡವನ್ನು ಹುಡುಕಿ. ಉಳಿದ ಹೆಜ್ಜೆಗಳೆಲ್ಲ ಇದರ ಮೇಲೇ ನಿಂತಿವೆ.

ಮೊದಲು ಗಿಡ ಕಲಿಯಿರಿ

ಲೆಸ್ಸರ್ ಗ್ರಾಸ್ ಬ್ಲೂ ಹೆಣ್ಣು ಮೊಟ್ಟೆ ಇಡುವುದು ದ್ವಿದಳ ಧಾನ್ಯದ ಜಾತಿಗೆ ಸೇರಿದ ಸಣ್ಣ ಗಿಡಗಳ ಮೇಲೆ. ಹುಲ್ಲಿನ ಮೇಲೆ ಅಲ್ಲ. ಹುಲ್ಲಿನ ನಡುವೆ ನೆಲಕ್ಕೆ ಅಂಟಿಕೊಂಡು ಹರಡುವ ಗಿಡಗಳು ಇವು. ಎರಡನ್ನು ಕಲಿತರೆ ಸಾಕು.

ಒಂದು, ಡೆಸ್ಮೋಡಿಯಂ ಟ್ರೈಫ್ಲೋರಂ. ಮೂರು ಮೂರು ಎಲೆಗಳ ಗುಂಪು, ಒಂದೊಂದು ಎಲೆ ಒಂದು ಸೆಂಟಿಮೀಟರ್‌ಗಿಂತ ಚಿಕ್ಕದು, ತುದಿ ಅಗಲ, ಬುಡ ಕಿರಿದು. ಹೂವು ಗುಲಾಬಿ ಮಿಶ್ರಿತ ನೇರಳೆ, ತುಂಬಾ ಸಣ್ಣದು. ಕಾಯಿ ಗಂಟು ಗಂಟಾಗಿ ಇರುತ್ತದೆ. ಹುಳಿಸೊಪ್ಪಿನ ಜೊತೆ ಇದನ್ನು ಗೊಂದಲ ಮಾಡಿಕೊಳ್ಳುವುದು ಸುಲಭ. ಹುಳಿಸೊಪ್ಪಿನ ಎಲೆಯ ತುದಿ ಆಳವಾಗಿ ಸೀಳಿರುತ್ತದೆ, ಹೂವು ಹಳದಿ, ಬಾಯಿಗಿಟ್ಟರೆ ಹುಳಿ. ಅದೂ ಬೇಕಾದ ಗಿಡವೇ, ಆದರೆ ಬೇರೆ ಚಿಟ್ಟೆಗೆ. ಆ ವಿಷಯ ಆಮೇಲೆ.

ಎರಡು, ಅಲಿಸಿಕಾರ್ಪಸ್ ವಜೈನಾಲಿಸ್. ಇದಕ್ಕೆ ಒಂದೊಂದೇ ಎಲೆ, ಉದ್ದುರುಟು, ನಡುನರ ಸ್ಪಷ್ಟ. ಗದ್ದೆಯ ಹುಣಿ (ಬದು), ರಸ್ತೆ ಪಕ್ಕ, ಶಾಲೆಯ ಆಟದ ಮೈದಾನ, ಎಲ್ಲಾ ಕಡೆ ಬರುತ್ತದೆ.

ಈ ಎರಡೂ ಗಿಡಗಳಿಗೆ ಒಂದು ವಿಚಿತ್ರ ಗುಣ ಇದೆ. ದನ ಮೇಯ್ದರೂ, ಜನ ತುಳಿದರೂ ಸಾಯುವುದಿಲ್ಲ. ಅಕ್ಕಪಕ್ಕದ ಹುಲ್ಲು ಎತ್ತರ ಬೆಳೆದು ಬಿಸಿಲು ತಪ್ಪಿದರೆ ಮಾತ್ರ ಸೊರಗುತ್ತವೆ. ಹಾಗಾಗಿ ಯಾರೂ ಕಾಲಿಡದ ಬೇಲಿ ಹಾಕಿದ ಜಾಗಕ್ಕಿಂತ, ಸಂಜೆ ಹುಡುಗರು ವಾಲಿಬಾಲ್ ಆಡುವ ಜಾಗದಲ್ಲೇ ಈ ಚಿಟ್ಟೆ ಜಾಸ್ತಿ. ನನಗಂತೂ ಈ ಚಿಟ್ಟೆಯ ಬಗ್ಗೆ ಅತಿ ಹೆಚ್ಚು ಇಷ್ಟವಾದ ಸಂಗತಿಯೇ ಇದು.

ಜಾಗ ಆರಿಸುವುದು

ಮಂಗಳೂರಿನಿಂದ ಕಾರವಾರದವರೆಗೆ ನಮ್ಮದು 300 ಕಿಲೋಮೀಟರಿಗೂ ಹೆಚ್ಚಿನ ಕಡಲತೀರ. ಕಡಲಿನಿಂದ ಒಳಕ್ಕೆ ನಡೆಯುತ್ತಾ ಹೋದರೆ ನೆಲ ಪಟ್ಟಿ ಪಟ್ಟಿಯಾಗಿ ಬದಲಾಗುತ್ತದೆ. ಪ್ರತಿ ಪಟ್ಟಿಯಲ್ಲೂ ಸಿಗುವ ಚಿಟ್ಟೆ ಬೇರೆ.

ಅಲೆ ಬಡಿಯುವ ಜಾಗದಿಂದ ಸ್ವಲ್ಪ ಮೇಲೆ, ಮರಳಿನ ಮೇಲೆ ಹಬ್ಬುವುದು ನೇರಳೆ ಹೂವಿನ ಅಡುಂಬು ಬಳ್ಳಿ ಮತ್ತು ಮುಳ್ಳು ಉಂಡೆಯಂಥ ತೆನೆ ಬಿಡುವ ರಾವಣನ ಮೀಸೆ. ಮರಳನ್ನು ಹಿಡಿದು ನಿಲ್ಲಿಸುವುದು ಇವೇ. ಗ್ರಾಸ್ ಬ್ಲೂಗೆ ಇಲ್ಲಿ ಹೆಚ್ಚು ಕೆಲಸ ಇಲ್ಲ. ಇದರ ಹಿಂದೆ, ಮರಳಿಗೆ ಸ್ವಲ್ಪ ಮಣ್ಣು ಸೇರಿ ಗಟ್ಟಿಯಾದ ಕಡೆ ಗಿಡ್ಡ ಹುಲ್ಲು ಶುರುವಾಗುತ್ತದೆ. ನಿಮ್ಮ ಮೊದಲ ಜಾಗ ಇದೇ. ಎಷ್ಟೋ ಕಡೆ ಇದು ಹತ್ತಿಪ್ಪತ್ತು ಮೀಟರ್ ಅಗಲದ ಪಟ್ಟಿ ಮಾತ್ರ. ಮೀನು ಒಣಗಿಸುವುದು, ದೋಣಿ ಎಳೆದಿಡುವುದು, ಬಲೆ ಹರಡುವುದು ಎಲ್ಲಾ ಇಲ್ಲೇ. ಮರವಂತೆ, ಕುಂದಾಪುರದ ಕೋಡಿ, ಕಾಪು, ಹೊನ್ನಾವರದ ಕಾಸರಕೋಡು, ಎಲ್ಲಿ ಹೋದರೂ ಮೊದಲು ಈ ಪಟ್ಟಿ ಹುಡುಕಿ.

ಅದರಾಚೆ ಗಾಳಿ ಮರದ (ಸರ್ವೆ) ತೋಪು ಬಂದರೆ ಸುಮ್ನೆ ದಾಟಿ ಹೋಗಿ. ಒಣಗಿ ಬಿದ್ದ ಕಡ್ಡಿಗಳ ದಪ್ಪ ಹಾಸಿಗೆಯಡಿ ಸಣ್ಣ ಗಿಡ ಏಳುವುದು ಕಷ್ಟ. ತೋಪಿನ ಬಿಸಿಲು ಬೀಳುವ ಅಂಚನ್ನು ಮಾತ್ರ ನೋಡಿ.

ನಂತರ ಗದ್ದೆ ಬಯಲು. ಕೊಯ್ಲಾದ ಮೇಲೆ ಹುಣಿಯ ಮೇಲೆ ಒಂದು ಸುತ್ತು ಹಾಕಿ. ಉತ್ತರ ಕನ್ನಡದ ಗಜನಿ ಗದ್ದೆಗಳಲ್ಲಿ ಉಪ್ಪು ನೀರು ಹತ್ತುವ ಕಡೆ ಗಿಡಗಳು ಬೇರೆ. ಅಲ್ಲಿ ಕಟ್ಟೆಯ ಎತ್ತರದ ಭಾಗ ನೋಡುವುದು ಒಳ್ಳೆಯದು.

ಇನ್ನು ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಹಾಸು. ದಕ್ಷಿಣ ಕನ್ನಡದಲ್ಲಿ ಪದವು ಅನ್ನುತ್ತಾರೆ, ಕುಂದಾಪುರದ ಕಡೆ ಹಕ್ಲು. ಬೈಂದೂರಿನ ಒತ್ತಿನೆಣೆ, ಗೋಕರ್ಣದ ಕಡಲಿಗೆ ಚಾಚಿದ ಗುಡ್ಡಗಳು ಇಂಥವು. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು, ಕೆಲವೆಡೆ ಇನ್ನೂ ಜಾಸ್ತಿ ಮಳೆ ಸುರಿಯುವ ನಾಡಿನಲ್ಲಿ ಇದು ನಾಲ್ಕು ತಿಂಗಳು ಜೌಗು, ಉಳಿದ ಕಾಲ ಸುಡುವ ಬಂಡೆ. ಕಲ್ಲಿನ ಮೇಲೆ ಮಣ್ಣು ಒಂದು ಗೇಣೂ ಇರುವುದಿಲ್ಲ, ಹಾಗಾಗಿ ಮರ ಏಳುವುದಿಲ್ಲ. ಹುಲ್ಲು ಗಿಡ್ಡವಾಗಿಯೇ ಉಳಿಯುತ್ತದೆ. ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಇಡೀ ಹಾಸು ಸಣ್ಣ ಹೂಗಳಿಂದ ತುಂಬುತ್ತದೆ. ಕಂದಾಯ ದಾಖಲೆಯಲ್ಲಿ ಇಂಥ ಎಷ್ಟೋ ಜಾಗಕ್ಕೆ ಬಂಜರು ಅಂತ ಬರೆದಿರುತ್ತಾರೆ!

ಹೊಸಬರಿಗೆ ನನ್ನ ಸಲಹೆ: ಮನೆಯಿಂದ ನಡೆದು ಹೋಗಬಹುದಾದ ಒಂದೇ ಜಾಗ ಹಿಡಿಯಿರಿ. ಹತ್ತು ಬೀಚ್ ಸುತ್ತುವುದಕ್ಕಿಂತ ಒಂದೇ ಮೈದಾನಕ್ಕೆ ಮತ್ತೆ ಮತ್ತೆ ಹೋಗುವವರಿಗೆ ಜಾಸ್ತಿ ಗೊತ್ತಾಗುತ್ತದೆ.

ಕಾಲ ಮತ್ತು ಹೊತ್ತು

ಮಳೆ ಬಿಡುವು ಕೊಡುವ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ತನಕ ಒಳ್ಳೆಯ ಕಾಲ. ಗಿಡ ಚಿಗುರಿರುತ್ತದೆ, ಬಿಸಿಲೂ ಇರುತ್ತದೆ. ಫೆಬ್ರವರಿ ನಂತರ ಪದವು ಒಣಗಿ ಹೋಗುತ್ತದೆ. ಆಗ ನೀರು ಹಾಯಿಸುವ ತೋಟದ ಬದಿ, ಪಾರ್ಕಿನ ಹುಲ್ಲುಹಾಸಿಗೆ ಹೋಗಿ.

ಹೊತ್ತಿನ ವಿಷಯಕ್ಕೆ ಬಂದರೆ, ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆ ಬಂಗಾರದ ಸಮಯ. ರಾತ್ರಿ ಹುಲ್ಲಿನ ತೆನೆ ಹಿಡಿದು ಮಲಗಿದ ಚಿಟ್ಟೆಗಳು ಮೈ ಬೆಚ್ಚಗೆ ಮಾಡಿಕೊಳ್ಳಲು ರೆಕ್ಕೆ ಅರ್ಧ ಬಿಚ್ಚಿ ಬಿಸಿಲಿಗೆ ಕೂರುತ್ತವೆ. ಮೇಲ್ಮೈಯ ನೀಲಿ ಕಾಣುವುದು ಆಗಲೇ. ಬಿಸಿಲೇರಿದ ಮೇಲೆ ಕೂತಾಗಲೆಲ್ಲ ರೆಕ್ಕೆ ಮಡಚಿರುತ್ತವೆ. ಹನ್ನೊಂದರ ನಂತರ ಕಡಲ ಗಾಳಿ ಎದ್ದರೆ ತೆರೆದ ಜಾಗದಲ್ಲಿ ನೋಡುವುದು ಕಷ್ಟ. ಆಗ ಮರಳ ದಿಬ್ಬದ ಮರೆ, ಕಾಂಪೌಂಡ್ ಗೋಡೆಯ ಬುಡ, ಪೊದೆಗಳ ಒಳಬದಿ ನೋಡಿ. ಸಂಜೆ ನಾಲ್ಕೂವರೆ ಮೇಲೆ ಮತ್ತೊಂದು ಅವಕಾಶ. ಮಲಗಲು ಜಾಗ ಹುಡುಕುತ್ತಾ ಒಂದೇ ಕಡೆ ಹಲವು ಚಿಟ್ಟೆಗಳು ಸೇರುತ್ತವೆ.

ಏನೇನು ಬೇಕು

ಮ್ಯಾಕ್ರೋ (ತೀರಾ ಹತ್ತಿರದಿಂದ ಫೋಟೋ ತೆಗೆಯುವ ಸೌಲಭ್ಯ) ಇರುವ ಮೊಬೈಲ್, 10 ಪಟ್ಟು ದೊಡ್ಡದಾಗಿ ತೋರಿಸುವ ಕೈ ಲೆನ್ಸ್, ಪುಸ್ತಕ, ಪೆನ್ಸಿಲ್. ಕೂರಲು ಒಂದು ಹಳೇ ಗೋಣಿ ಚೀಲ. ಬಲೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಹಲವು ಚಿಟ್ಟೆಗಳಿವೆ, ಯಾವುದು ಯಾವುದು ಅಂತ ಹಾರುವಾಗ ಗೊತ್ತಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಇಷ್ಟು ಸಣ್ಣ ಚಿಟ್ಟೆ ಬೆರಳಲ್ಲಿ ಹಿಡಿದರೆ ರೆಕ್ಕೆಯ ಪುಡಿ ಉದುರಿ ಕೆಡುತ್ತದೆ.

ಕೂರುವ ಮೊದಲು ಹುಲ್ಲಿನ ಬುಡ ನೋಡಿ. ಮುರಕಲ್ಲಿನ ಬಿರುಕಿನ ಹತ್ತಿರ ಕೊಳಕು ಮಂಡಲ ಇರಬಹುದು. ದನ ಮೇಯುವ ಜಾಗದಲ್ಲಿ ಉಣ್ಣಿ ಇರುತ್ತದೆ, ಮನೆಗೆ ಬಂದು ಬಟ್ಟೆ ಒಗೆಯಲು ಹಾಕಿ.

ಹತ್ತಿರ ಹೋಗುವುದು, ಫೋಟೋ ತೆಗೆಯುವುದು

ನಿಂತು ಅಟ್ಟಿಸಿಕೊಂಡು ಹೋದರೆ ಒಂದೂ ಸಿಗುವುದಿಲ್ಲ. ಗಿಡ ಇರುವ ಕಡೆ ಕೂತುಬಿಡಿ. ಗಂಡು ಹೆಣ್ಣಿಗಾಗಿ ಅದೇ ಜಾಗದಲ್ಲಿ ಸುತ್ತುತ್ತಿರುತ್ತದೆ, ಎದ್ದು ಹೋದದ್ದು ಸ್ವಲ್ಪ ಹೊತ್ತಿಗೆ ತಿರುಗಿ ಬರುತ್ತದೆ. ನಿಮ್ಮ ನೆರಳು ಅದರ ಮೇಲೆ ಬೀಳಬಾರದು. ನೆರಳು ತಾಗಿದ ಕ್ಷಣ ಹಾರುತ್ತದೆ.

ಫೋಟೋ ಪಕ್ಕದಿಂದ ತೆಗೆಯಿರಿ, ಮೇಲಿನಿಂದ ಅಲ್ಲ. ಮಡಚಿದ ರೆಕ್ಕೆಗೆ ಮೊಬೈಲ್ ಸಮಾನಾಂತರವಾಗಿ ಇದ್ದರೆ ಎಲ್ಲಾ ಚುಕ್ಕೆಗಳೂ ಫೋಕಸ್‌ನಲ್ಲಿ ಬರುತ್ತವೆ. ಬರ್ಸ್ಟ್ ಮೋಡ್ ಹಾಕಿ ಹತ್ತಾರು ತೆಗೆಯಿರಿ. ಚಂದದ ಫೋಟೋ ಬೇರೆ, ಗುರುತಿಸಲು ಬೇಕಾದ ಫೋಟೋ ಬೇರೆ. ಮೊದಲು ಎರಡನೆಯದನ್ನು ತೆಗೆದುಕೊಳ್ಳಿ. ಆಮೇಲೆ ಆ ಗಿಡದ್ದೂ ಒಂದು ಫೋಟೋ ಇರಲಿ.

ಯಾವ ಗ್ರಾಸ್ ಬ್ಲೂ?

ಇಲ್ಲಿ ನಿಧಾನ ಮಾಡಿ. ಗೊಂದಲ ಆಗುವುದು ಇಲ್ಲೇ.

ಹಿಂದಿನ ರೆಕ್ಕೆಯ ತುದಿಯಲ್ಲಿ ಕೂದಲೆಳೆಯಂಥ ಬಾಲ ಇದೆಯಾ? ಇದ್ದರೆ ಅದು ಗ್ರಾಸ್ ಬ್ಲೂ ಅಲ್ಲ. ಪೀ ಬ್ಲೂ ಅಥವಾ ಗ್ರಾಮ್ ಬ್ಲೂ ಇರಬಹುದು. ಬಾಲ ಇಲ್ಲ, ಆದರೆ ಹಿಂದಿನ ರೆಕ್ಕೆಯ ಅಂಚಿನಲ್ಲಿ ಕಿತ್ತಳೆ ಬಣ್ಣದ ನಡುವೆ ಮಿರುಗುವ ಕಪ್ಪು ಚುಕ್ಕೆಗಳಿವೆಯಾ? ಅದು ಗ್ರಾಸ್ ಜುವೆಲ್. ನಮ್ಮ ದೇಶದ ಅತಿ ಚಿಕ್ಕ ಚಿಟ್ಟೆಗಳ ಸಾಲಿನದು. ಪದವಿನಲ್ಲಿ ಕಂಡರೆ ಬಿಡಬೇಡಿ.

ಇವೆರಡೂ ಅಲ್ಲ ಅಂದರೆ ಉಳಿಯುವುದು ನಾಲ್ಕು: ಲೆಸ್ಸರ್, ಟೈನಿ, ಪೇಲ್, ಡಾರ್ಕ್. ರೆಕ್ಕೆಯ ಕೆಳಮೈ, ಅಂದರೆ ಮಡಚಿ ಕೂತಾಗ ನಮಗೆ ಕಾಣುವ ಬದಿ ನೋಡಿ. ಬೂದು ಬಣ್ಣ, ಅದರ ಮೇಲೆ ಬಿಳಿ ಉಂಗುರದೊಳಗಿನ ಕಪ್ಪು ಚುಕ್ಕೆಗಳು. ಮುಂದಿನ ರೆಕ್ಕೆಯ ನಡುವೆ ಒಂದು ಸಣ್ಣ ಗೀಟು ನಾಲ್ಕರಲ್ಲೂ ಇರುತ್ತದೆ. ಆ ಗೀಟಿಗೂ ಚಿಟ್ಟೆಯ ಮೈಗೂ ಮಧ್ಯೆ ಒಂದು ಚುಕ್ಕೆ ಇದೆಯಾ ಅನ್ನುವುದೇ ಮೊದಲ ಪ್ರಶ್ನೆ.

ಚುಕ್ಕೆ ಇದ್ದರೆ ಪೇಲ್ ಅಥವಾ ಡಾರ್ಕ್. ಗಂಡಿನ ಮೇಲ್ಮೈ ಕಂಡರೆ ನಿರ್ಧಾರ ಸುಲಭ: ಪೇಲ್‌ನದು ಬೆಳ್ಳಿ ಬೆರೆತ ತಿಳಿನೀಲಿ, ಡಾರ್ಕ್‌ನದು ಗಾಢ ನೇರಳೆ ನೀಲಿ. ಹೆಣ್ಣು ಎರಡರಲ್ಲೂ ಕಂದು. ಆಗ ಗಿಡ ನೆರವಿಗೆ ಬರುತ್ತದೆ. ಪೇಲ್ ಮೊಟ್ಟೆ ಇಡುವುದು ಹುಳಿಸೊಪ್ಪಿನ ಮೇಲೆ. ಡಾರ್ಕ್ ಇಡುವುದು ಕೀರೆಸೊಪ್ಪು, ನೆಗ್ಗಿಲು ಮುಳ್ಳಿನಂಥ ಗಿಡಗಳ ಮೇಲೆ.

ಚುಕ್ಕೆ ಇಲ್ಲದಿದ್ದರೆ ಲೆಸ್ಸರ್ ಅಥವಾ ಟೈನಿ. ಟೈನಿಯ ಮುಂದಿನ ರೆಕ್ಕೆಯ ಮೇಲಂಚಿಗೆ ಒತ್ತಿಕೊಂಡು ಬೇರೆಯಾಗಿ ಸಣ್ಣ ಚುಕ್ಕೆ ಇರುತ್ತದೆ, ಲೆಸ್ಸರ್‌ನಲ್ಲಿ ಇಲ್ಲ. ಲೆಸ್ಸರ್‌ಗೆ ಇನ್ನೊಂದು ಪಕ್ಕಾ ಗುರುತು ಹಿಂದಿನ ರೆಕ್ಕೆಯಲ್ಲಿದೆ. ಅಲ್ಲಿ ಬಿಲ್ಲಿನಂತೆ ಬಾಗಿದ ಚುಕ್ಕೆಗಳ ಸಾಲು ಕಾಣುತ್ತದೆ. ಅದರಲ್ಲಿ ಮೇಲಂಚಿನಿಂದ ಎರಡನೇ ಚುಕ್ಕೆ ಸಾಲು ಬಿಟ್ಟು ಮೈಯ ಕಡೆಗೆ ಸರಿದಿರುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಮರೆಯುವುದಿಲ್ಲ. ಟೈನಿ ಮೊಟ್ಟೆ ಇಡುವ ಗಿಡಗಳೂ ಬೇರೆ. ನೀರು ಬಿದ್ದರೆ ಕಾಯಿ ಪಟಪಟ ಸಿಡಿಯುವ ರುಯೆಲಿಯಾ ಮತ್ತು ಅದರ ಸಂಬಂಧಿಗಳು.

ತೊಂದರೆ ಏನೆಂದರೆ, ವಿಶ್ರಾಂತಿಯಲ್ಲಿರುವ ಚಿಟ್ಟೆ ಮುಂದಿನ ರೆಕ್ಕೆಯನ್ನು ಹಿಂದಿನ ರೆಕ್ಕೆಯೊಳಗೆ ಇಳಿಸಿಕೊಂಡಿರುತ್ತದೆ. ಆ ಮುಖ್ಯವಾದ ಚುಕ್ಕೆಯೇ ಮುಚ್ಚಿ ಹೋಗುತ್ತದೆ. ಅದು ಹೂವಿನಲ್ಲಿ ಮಕರಂದ ಹೀರುವಾಗ ಕಾಯಿರಿ, ಆಗ ಮುಂದಿನ ರೆಕ್ಕೆ ಮೇಲೇಳುತ್ತದೆ. ಇನ್ನೊಂದು ಮಾತು, ಬೇಸಿಗೆಯಲ್ಲಿ ಹುಟ್ಟಿದ ಚಿಟ್ಟೆಗಳ ಕೆಳಮೈ ಮಾಸಲು, ಚುಕ್ಕೆಗಳು ಮಸುಕು. ಒಣ ಹುಲ್ಲಿನಲ್ಲಿ ಅಡಗಲು ಅದೇ ಅನುಕೂಲ. ಹಾಗಾಗಿ ಬಣ್ಣದ ಗಾಢತೆ ನಂಬಬೇಡಿ, ಚುಕ್ಕೆಯ ಜಾಗ ನಂಬಿ.

ಎಷ್ಟು ನೋಡಿದರೂ ಗೊತ್ತಾಗದಿದ್ದರೆ "ಗ್ರಾಸ್ ಬ್ಲೂ, ಜಾತಿ ತಿಳಿದಿಲ್ಲ" ಅಂತಲೇ ಬರೆಯಿರಿ. ಊಹಿಸಿ ಬರೆದ ಹೆಸರಿಗಿಂತ ಅದು ಎಷ್ಟೋ ವಾಸಿ.

ಮೊಟ್ಟೆಯಿಂದ ಚಿಟ್ಟೆವರೆಗೆ

ಮೊಟ್ಟೆ ಇಡಲು ಹೊರಟ ಹೆಣ್ಣನ್ನು ನಡೆಯಿಂದಲೇ ಗುರುತಿಸಬಹುದು. ನಿಧಾನಕ್ಕೆ ಹಾರಿ, ಗಿಡದ ಮೇಲೆ ಇಳಿದು, ಎಲೆಗಳ ನಡುವೆ ನಡೆದಾಡುತ್ತದೆ. ಹೊಟ್ಟೆ ಬಗ್ಗಿಸಿ ಎಲೆಗೆ ತಾಗಿಸಿತೋ, ಅಲ್ಲಿ ಒಂದು ಮೊಟ್ಟೆ. ಒಂದು ಸಲಕ್ಕೆ ಒಂದೇ. ಅದು ಹೋದ ಮೇಲೆ ಲೆನ್ಸ್ ಹಿಡಿದು ನೋಡಿ. ಅರ್ಧ ಮಿಲಿಮೀಟರಿನ, ಹಸಿರು ಛಾಯೆಯ ಬಿಳಿ ಬಿಲ್ಲೆ, ಮೇಲೆ ಜಾಲರಿಯ ಕೆತ್ತನೆ. ಪಕ್ಕದಲ್ಲಿ ಒಂದು ಐಸ್‌ಕ್ರೀಮ್ ಕಡ್ಡಿ ನೆಟ್ಟು ದಿನಾಂಕ ಬರೆಯಿರಿ. ಗಿಡ ಕಿತ್ತು ಮನೆಗೆ ತರುವುದಕ್ಕಿಂತ ಇದು ಒಳ್ಳೆಯದು.

ಎರಡು ಮೂರು ದಿನಕ್ಕೆ ಹುಳ ಹೊರಬರುತ್ತದೆ. ಅದನ್ನು ನೇರವಾಗಿ ಹುಡುಕಿದರೆ ಸಿಗುವುದಿಲ್ಲ, ಎಲೆಯ ಹಸಿರೇ ಅದರ ಬಣ್ಣ. ಎಲೆಯ ಒಂದು ಪದರ ಕೆರೆದು ತಿಂದು ಪಾರದರ್ಶಕವಾದ ಮಚ್ಚೆ ಹುಡುಕಿ. ಅಥವಾ ಇರುವೆ ಹುಡುಕಿ. ಹುಳದ ಬೆನ್ನಿನ ಹಿಂಭಾಗದಲ್ಲಿ ಸಿಹಿ ದ್ರವ ಒಸರುವ ಗ್ರಂಥಿ ಇದೆ. ಇರುವೆಗಳು ಅದಕ್ಕಾಗಿ ಸುತ್ತ ಕಾವಲು ನಿಲ್ಲುತ್ತವೆ, ಹುಳದೊಳಗೆ ಮೊಟ್ಟೆ ಇಡಲು ಬರುವ ಪರಾವಲಂಬಿ ಕಣಜಗಳಿಗೆ ಅಡ್ಡಿಯಾಗುತ್ತವೆ. ಒಂದು ಪುಟ್ಟ ಎಲೆಯ ಸುತ್ತ ಎರಡು ಮೂರು ಇರುವೆ ಸುಮ್ನೆ ಸುತ್ತುತ್ತಿದ್ದರೆ ಎಲೆಯ ಅಡಿ ನೋಡಿ, ಕೈಯಲ್ಲಿ ಮುಟ್ಟದೆ. ಪೂರ್ತಿ ಬೆಳೆದ ಹುಳವೂ ಒಂದು ಸೆಂಟಿಮೀಟರ್ ಆಸುಪಾಸು ಅಷ್ಟೆ.

ಆಮೇಲೆ ಎಲೆಯ ಅಡಿಯಲ್ಲೋ ಕಾಂಡದಲ್ಲೋ ಸೊಂಟಕ್ಕೆ ರೇಷ್ಮೆ ಎಳೆ ಕಟ್ಟಿಕೊಂಡು ಕೋಶವಾಗುತ್ತದೆ. ಮೊಟ್ಟೆಯಿಂದ ಚಿಟ್ಟೆ ಹಾರುವವರೆಗೆ ಸುಮಾರು ಮೂರು ವಾರ. ಈ ಮೂರು ವಾರದ ಲೆಕ್ಕ ನೆನಪಿಡಿ, ಹುಲ್ಲು ಕತ್ತರಿಸುವ ಮಾತು ಬಂದಾಗ ಬೇಕಾಗುತ್ತದೆ.

ಲೆಕ್ಕ ಇಡುವುದು

ಒಂದು ಸಲ ಕಂಡದ್ದು ಬರೆದರೆ ದಾಖಲೆ. ಒಂದೇ ದಾರಿಯಲ್ಲಿ ವರ್ಷವಿಡೀ ಎಣಿಸಿದರೆ ಅದಕ್ಕೆ ಬೆಲೆ ಇನ್ನೂ ಹೆಚ್ಚು. ಅರ್ನಿ ಪೊಲಾರ್ಡ್ ಅನ್ನುವವರು ಬ್ರಿಟನ್‌ನಲ್ಲಿ 1970ರ ದಶಕದಲ್ಲಿ ರೂಪಿಸಿದ ವಿಧಾನ ಇದಕ್ಕೆ ಅತ್ಯಂತ ಸರಳ. 1976ರಿಂದ ಆ ದೇಶದಲ್ಲಿ ಚಿಟ್ಟೆಗಳ ಎಣಿಕೆ ಇದೇ ವಿಧಾನದಲ್ಲಿ ನಡೆಯುತ್ತಿದೆ.

ನಿಮ್ಮ ಜಾಗದಲ್ಲಿ 200 ರಿಂದ 500 ಮೀಟರ್ ದಾರಿ ಗೊತ್ತು ಮಾಡಿ. ಮರಳಿನ ಹಿಂದಿನ ಹುಲ್ಲು, ತೋಪಿನ ಅಂಚು, ಗದ್ದೆ ಹುಣಿ ಅಂತ ಭಾಗ ಮಾಡಿ ಬೇರೆ ಬೇರೆ ಬರೆದರೆ ಇನ್ನೂ ಒಳ್ಳೆಯದು. ವಾರಕ್ಕೊಮ್ಮೆ, ಬಿಸಿಲಿರುವ ದಿನ, ಹೆಚ್ಚುಕಮ್ಮಿ ಅದೇ ಹೊತ್ತಿಗೆ ಒಂದೇ ವೇಗದಲ್ಲಿ ನಡೆಯಿರಿ. ಎಡಕ್ಕೆ ಎರಡೂವರೆ ಮೀಟರ್, ಬಲಕ್ಕೆ ಎರಡೂವರೆ ಮೀಟರ್, ಮುಂದೆ ಐದು ಮೀಟರ್, ಇಷ್ಟರೊಳಗೆ ಕಂಡದ್ದು ಮಾತ್ರ ಎಣಿಸಿ. ಹಿಂದೆ ತಿರುಗಿ ಎಣಿಸಬೇಡಿ, ಅದೇ ಚಿಟ್ಟೆ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಗಾಳಿ, ಮೋಡ, ಹುಲ್ಲಿನ ಎತ್ತರ, ದನ ಇತ್ತೋ ಇಲ್ಲವೋ, ಇಷ್ಟನ್ನು ಬದಿಯಲ್ಲಿ ಬರೆಯಿರಿ. ಒಂದೂ ಕಾಣದ ದಿನ ಸೊನ್ನೆ ಬರೆಯಿರಿ. ಆ ಸೊನ್ನೆಗಳನ್ನು ಬಿಟ್ಟರೆ ಇಡೀ ಲೆಕ್ಕ ಸುಳ್ಳಾಗುತ್ತದೆ, ಅಲ್ವಾ?

ಜೊತೆಗೆ ಸಿಗುವ ಕಾಮನ್ ಗ್ರಾಸ್ ಯೆಲ್ಲೋ, ಲೆಮನ್ ಪ್ಯಾನ್ಸಿ, ಎಕ್ಕದ ಗಿಡದ ಹತ್ತಿರದ ಪ್ಲೇನ್ ಟೈಗರ್ ಇವನ್ನೂ ಸೇರಿಸಿ. ಫೋಟೋಗಳನ್ನು ಐನ್ಯಾಚುರಲಿಸ್ಟ್ ಅನ್ನುವ ಜಾಲತಾಣಕ್ಕೆ ಹಾಕಿದರೆ ತಿಳಿದವರು ಹೆಸರು ಸರಿ ಮಾಡುತ್ತಾರೆ. ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಬಿಗ್ ಬಟರ್‌ಫ್ಲೈ ಮಂತ್ ನಡೆಯುತ್ತದೆ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಲು ಅದು ಒಳ್ಳೆಯ ನೆಪ. ಹುಳ, ಕೋಶ ಎಲ್ಲಾ ಒಂದೇ ಕಡೆ ತೋರಿಸಬೇಕಾದರೆ ಮೂಡುಬಿದಿರೆ ಹತ್ತಿರದ ಬೆಳುವಾಯಿಯ ಚಿಟ್ಟೆ ಪಾರ್ಕ್ ಇದೆ.

ಜಾಗ ಉಳಿಸಿಕೊಳ್ಳುವುದು

ಈ ಚಿಟ್ಟೆಗೆ ಕಾಡು ಬೆಳೆಸುವ ಅಗತ್ಯ ಇಲ್ಲ. ಪದವಿನಲ್ಲಿ ಅಕೇಶಿಯಾ ನೆಟ್ಟರೆ ನೆಲಕ್ಕೆ ನೆರಳು ಬಿದ್ದು ಅದರ ಗಿಡ ಹೋಗುತ್ತದೆ. ವನಮಹೋತ್ಸವದ ಸಸಿಗಳನ್ನು ಇಂಥ ಹುಲ್ಲುನೆಲಕ್ಕೆ ತರುವುದನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಸಸಿ ನೆಡಲು ರಸ್ತೆ ಬದಿ, ಶಾಲೆಯ ಅಂಗಳ ಬೇಕಾದಷ್ಟಿದೆ. ಹಾಗಂತ ಪೂರ್ತಿ ಕೈಬಿಟ್ಟರೂ ಆಗುವುದಿಲ್ಲ. ದನ ಬರುವುದು ನಿಂತ ಜಾಗದಲ್ಲಿ ಎತ್ತರದ ಹುಲ್ಲು, ಕಮ್ಯುನಿಸ್ಟ್ ಗಿಡ ಅನ್ನುವ ಕಳೆ ಬಂದು ಮುಚ್ಚುತ್ತದೆ. ದನ ಮೇಯಲಿ, ಮಕ್ಕಳು ಆಡಲಿ. ಕಮ್ಯುನಿಸ್ಟ್ ಗಿಡವನ್ನು ಹೂ ಬಿಡುವ ಮೊದಲು ಬೇರು ಸಮೇತ ಕೀಳಿ. ಕಳೆನಾಶಕ ಹೊಡೆದರೆ ಮೊದಲು ಸಾಯುವುದೇ ಡೆಸ್ಮೋಡಿಯಂನಂಥ ಅಗಲ ಎಲೆಯ ಸಣ್ಣ ಗಿಡಗಳು. ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿ ಕೊಡುವವರಿಗೆ ಕೋಶಗಳ ಫೋಟೋ ತೋರಿಸಿ ಮಾತಾಡಿ. ಜಗಳಕ್ಕಿಂತ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಕಡಲ ಬದಿಯ ಮರಳು ದಿಬ್ಬಕ್ಕೆ ಕಾನೂನಿನ ರಕ್ಷಣೆಯೂ ಇದೆ. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ ದಿಬ್ಬಗಳನ್ನು 1ಎ ವರ್ಗದಲ್ಲಿ, ಅಂದರೆ ಪರಿಸರ ಸೂಕ್ಷ್ಮ ಜಾಗಗಳ ಜೊತೆ ಇಟ್ಟಿದೆ. ದಿಬ್ಬ ಸಮತಟ್ಟು ಮಾಡುವುದು ಕಂಡರೆ ದಿನಾಂಕ ಇರುವ ಫೋಟೋ ಮತ್ತು ನಿಮ್ಮ ಎಣಿಕೆಯ ಪುಸ್ತಕ ಇಟ್ಟುಕೊಂಡು ಅರ್ಜಿ ಕೊಡಬಹುದು. ಮುರಕಲ್ಲಿನ ಪದವಿಗೆ ಹಾಗೆ ಹೆಸರು ಹಿಡಿದು ಕೊಟ್ಟ ರಕ್ಷಣೆ ಆ ಪಟ್ಟಿಯಲ್ಲಿ ಇಲ್ಲ. ಅಲ್ಲಿ ಪಂಚಾಯತಿಯವರ ಜೊತೆ ಮಾತಾಡುವುದೇ ದಾರಿ.

ಮೈದಾನ, ಪಾರ್ಕಿನ ಹುಲ್ಲು ಕತ್ತರಿಸುವವರ ಹತ್ತಿರ ಕೇಳುವುದು ಇಷ್ಟೇ. ಎಲ್ಲವನ್ನೂ ಒಂದೇ ದಿನ ಬೋಳಿಸಬೇಡಿ. ಅರ್ಧ ಈ ವಾರ, ಇನ್ನರ್ಧ ಮೂರು ನಾಲ್ಕು ವಾರ ಬಿಟ್ಟು. ಮೊದಲರ್ಧದಲ್ಲಿ ಹುಳ ಸತ್ತರೂ ಅಷ್ಟರಲ್ಲಿ ಇನ್ನರ್ಧದ್ದು ಚಿಟ್ಟೆಯಾಗಿ ಹಾರಿರುತ್ತದೆ. ಯಂತ್ರದ ಬ್ಲೇಡ್ ನೆಲದಿಂದ ನಾಲ್ಕೈದು ಸೆಂಟಿಮೀಟರ್ ಮೇಲೆ ಇರಲಿ, ಹಬ್ಬಿದ ಗಿಡದ ಕಾಂಡ ಉಳಿದು ಬೇಗ ಚಿಗುರುತ್ತದೆ. ಕತ್ತರಿಸಿದ ಹುಲ್ಲನ್ನು ಒಂದು ದಿನ ಅಲ್ಲೇ ಬಿಟ್ಟು ಆಮೇಲೆ ದನಕ್ಕೆ ಒಯ್ಯಲಿ. ಅದರಲ್ಲಿದ್ದ ಹುಳಗಳಿಗೆ ಪಕ್ಕದ ಗಿಡಕ್ಕೆ ಹತ್ತಿಕೊಳ್ಳಲು ಅಷ್ಟು ಸಮಯ ಸಿಕ್ಕರೂ ಉಪಯೋಗ.